ಗಡಿನಾಡಿನಿಂದ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ: ಹಾಸ್ಟೆಲ್ ಹುಡುಕುವುದರಿಂದ ಕೊಠಡಿ ಬಿಡುವವರೆಗೆ

ಪ್ಲಸ್ ಟು ಫಲಿತಾಂಶ ಬಂದ ವಾರದಲ್ಲಿ ಕಾಸರಗೋಡಿನ ಬದಿಯಡ್ಕ ಪೇಟೆಯ ಅಕ್ಷಯ ಕೇಂದ್ರದ (ಕೇರಳದಲ್ಲಿ ಸರ್ಕಾರಿ ಅರ್ಜಿಗಳನ್ನು ಸಲ್ಲಿಸುವ ಸೇವಾ ಕೇಂದ್ರ) ಬೆಂಚಿನ ಮೇಲೆ ಕುಳಿತ ತಂದೆತಾಯಿಯರ ಮಾತು ಹೆಚ್ಚುಕಡಿಮೆ ಒಂದೇ: ‘ಸೀಟೇನೋ ಸಿಕ್ಕೀತು, ಮಗು ಇರುವುದೆಲ್ಲಿ?’ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನಾನು ಈ ಪ್ರಶ್ನೆಯನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ನನ್ನ ಮಗಳನ್ನು ಬೆಂಗಳೂರಿನ ಒಂದು ಕ್ರೈಸ್ತ ಸಂಸ್ಥೆಗೆ ಸೇರಿಸುವಾಗ ನಾನೂ ಅದನ್ನೇ ಕೇಳಿಕೊಂಡು ನಿದ್ದೆಗೆಟ್ಟಿದ್ದೇನೆ.

ಕಾಸರಗೋಡಿನ ಕನ್ನಡದ ಮಕ್ಕಳು ಹೆಚ್ಚಾಗಿ ನೋಡುವುದು ಮೂರು ಕಡೆಗೆ. ಯೇಸು ಸಭೆಯ ಗುರುಗಳು 1880ರಲ್ಲಿ ಆರಂಭಿಸಿದ ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಮಾನ್ಯತೆ ಪಡೆದ) ವಿಶ್ವವಿದ್ಯಾಲಯವಾಯಿತು. 1882ರಷ್ಟು ಹಳೆಯದಾದ ಬೆಂಗಳೂರಿನ ಸಂತ ಜೋಸೆಫರ ಕಾಲೇಜು 2022ರಿಂದ ವಿಶ್ವವಿದ್ಯಾಲಯ. 1969ರಲ್ಲಿ ಕಾಲೇಜಾಗಿ ಹುಟ್ಟಿದ ಕ್ರೈಸ್ಟ್ 2008ರಲ್ಲಿ ಡೀಮ್ಡ್ ಸ್ಥಾನ ಪಡೆಯಿತು. ಶುಲ್ಕ, ಶಿಸ್ತು, ವಾತಾವರಣ ಮೂರರಲ್ಲೂ ಬೇರೆ ಬೇರೆ. ಆದರೆ ವಸತಿ ಮತ್ತು ನೆರವಿನ ಮಟ್ಟಿಗೆ ನೀವು ಹಾಕಬೇಕಾದ ಹೆಜ್ಜೆಗಳು ಬಹುತೇಕ ಒಂದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಸ್ಥೆಗಳಲ್ಲಿ ನೆರವಿಗೆ ಕೊರತೆಯಿಲ್ಲ, ಆದರೆ ಅದು ಕೇಳಿದವರ ಕೈಗೆ ಮೊದಲು ಬರುತ್ತದೆ. ನಮ್ಮ ಮಕ್ಕಳು ಕೇಳುವುದಿಲ್ಲ. ತಿರುವನಂತಪುರದ ಕಡತಗಳಲ್ಲಿ ನಾವು ಕನ್ನಡದವರು, ಬೆಂಗಳೂರಿನ ಕೌಂಟರಿನಲ್ಲಿ ಕೇರಳದವರು. ಎರಡೂ ಕಡೆ ಅತಿಥಿಗಳಂತೆ ಬದುಕಿ ಸಂಕೋಚ ನಮಗೆ ಮೈಗಂಟಿದೆ. ಈ ಬರಹ ಆ ಸಂಕೋಚವನ್ನು ಬಿಡಿಸಲೆಂದೇ.

ಹೋಗಿಬರುವುದೋ, ಅಲ್ಲೇ ಉಳಿಯುವುದೋ

ಮಂಗಳೂರಿನಲ್ಲಿ ಸೀಟು ಸಿಕ್ಕಿದರೆ ಮೊದಲು ಇದನ್ನು ತೀರ್ಮಾನಿಸಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮಕ್ಕಳಿಗೆ ರೈಲು ಇದೆ. ಕಾಲೇಜಿನ ಪ್ರಮಾಣಪತ್ರ ಕೊಟ್ಟರೆ ವಿದ್ಯಾರ್ಥಿಗಳ ರಿಯಾಯಿತಿ ದರದ ಸೀಸನ್ ಟಿಕೆಟ್ ಸಿಗುತ್ತದೆ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆಯಿದ್ದರೆ ನನ್ನ ಮತ ಹೋಗಿಬರುವುದಕ್ಕೇ.

ಪೆರ್ಲ, ಮುಳ್ಳೇರಿಯ, ಬದಿಯಡ್ಕದ ಒಳಭಾಗದವರ ಲೆಕ್ಕ ಬೇರೆ. ಬೆಳಿಗ್ಗೆ ಎರಡು ಬಸ್, ಸಂಜೆ ಎರಡು ಬಸ್, ನಡುವೆ ತಲಪಾಡಿಯ ವಾಹನ ದಟ್ಟಣೆ. ದಿನಕ್ಕೆ ನಾಲ್ಕು ಗಂಟೆ ರಸ್ತೆಯಲ್ಲೇ ಹೋದರೆ ವಿಜ್ಞಾನ ಓದುವ ಮಗುವಿಗೆ ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಯಲೂ ಸಮಯ ಉಳಿಯುವುದಿಲ್ಲ. ಇಂಥವರು ಮೊದಲ ವರ್ಷವಾದರೂ ಹಾಸ್ಟೆಲಿನಲ್ಲಿರುವುದು ಒಳ್ಳೆಯದು.

2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಅಂಥದ್ದು ಮತ್ತೆ ಬರುವುದು ಬೇಡ. ಆದರೂ ಗಡಿಯ ಆಚೆ ಮಗುವನ್ನು ಒಂದು ರಾತ್ರಿ ಇಟ್ಟುಕೊಳ್ಳಬಲ್ಲ ಒಂದು ಮನೆ ಗೊತ್ತಿರಲಿ, ಚಿಕ್ಕಮ್ಮನದೋ ಸ್ನೇಹಿತರದೋ. ಹಾಸ್ಟೆಲ್ ಅರ್ಜಿಯ ‘ಸ್ಥಳೀಯ ಪೋಷಕರು’ ಎಂಬ ಸಾಲಿನಲ್ಲಿ ಬರೆಯಬೇಕಾದ ಹೆಸರೂ ಅವರದೇ. ಸುಮ್ಮನೆ ತುಂಬಿಸಲೆಂದು ಯಾರದೋ ಹೆಸರು ಬರೆಯಬೇಡಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದರೆ ವಾರ್ಡನ್ ಕರೆ ಮಾಡುವುದು ಆ ಸಂಖ್ಯೆಗೇ.

ಸೀಟು ಬೇರೆ, ಹಾಸ್ಟೆಲ್ ಬೇರೆ

ಹೆಚ್ಚು ಜನ ಎಡವುವುದು ಇಲ್ಲಿ. ಕೋರ್ಸಿಗೆ ಪ್ರವೇಶ ಸಿಕ್ಕಿತೆಂದರೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತೆಂದು ಅರ್ಥವಲ್ಲ. ಬಹುತೇಕ ಕಡೆ ಹಾಸ್ಟೆಲಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಸಂದರ್ಶನ, ಪ್ರತ್ಯೇಕ ಶುಲ್ಕ. ಹಾಸಿಗೆಗಳು ವಿದ್ಯಾರ್ಥಿಗಳಿಗಿಂತ ಕಡಿಮೆ. ಕೋರ್ಸಿಗೆ ಅರ್ಜಿ ಹಾಕಿದ ದಿನವೇ ಹಾಸ್ಟೆಲ್ ಅರ್ಜಿ ಯಾವಾಗ ತೆರೆಯುತ್ತದೆಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಎರಡನೆಯ ಎಚ್ಚರ ಕ್ಯಾಂಪಸ್ಸಿನದು. ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲೇ ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ, ಕೆಂಗೇರಿ, ಯಶವಂತಪುರ ಎಂದು ನಾಲ್ಕು ಕಡೆ ಕ್ಯಾಂಪಸ್ ಇದೆ. ಮಗುವಿನ ತರಗತಿ ಕೆಂಗೇರಿಯಲ್ಲಿ, ನೀವು ವಸತಿ ಹಿಡಿದದ್ದು ಹೊಸೂರು ರಸ್ತೆಯಲ್ಲಿ ಎಂದಾದರೆ ನಿತ್ಯದ ಪ್ರಯಾಣ ನಮ್ಮ ಮುಳ್ಳೇರಿಯ–ಮಂಗಳೂರಿನ ಪ್ರಯಾಣಕ್ಕಿಂತ ಕಷ್ಟ. ಪ್ರವೇಶ ಪತ್ರದಲ್ಲಿ ಕ್ಯಾಂಪಸ್ಸಿನ ಹೆಸರು ನೋಡಿದ ಮೇಲೆಯೇ ವಸತಿಯ ಮಾತು.

ವಿಶ್ವವಿದ್ಯಾಲಯದ ಹಾಸ್ಟೆಲಲ್ಲದೆ ಬೇರೆ ಬೇರೆ ಧರ್ಮಭಗಿನಿಯರ ಸಭೆಗಳು ನಡೆಸುವ ಹುಡುಗಿಯರ ಹಾಸ್ಟೆಲ್‌ಗಳೂ ಮಂಗಳೂರು, ಬೆಂಗಳೂರು ಎರಡು ಕಡೆಯೂ ಇವೆ. ಇವು ಜಾಹೀರಾತಿನಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಕ್ಯಾಂಪಸ್ಸಿನ ಕಚೇರಿಯಲ್ಲಿ ಕೇಳಿದರೆ, ಅಥವಾ ಬೇಳ, ಕಯ್ಯಾರು, ಮಂಜೇಶ್ವರ ಕಡೆಯ ಇಗರ್ಜಿಯ ಫಾದರ್ ಅವರನ್ನು ಕೇಳಿದರೆ ವಿಳಾಸ ಸಿಗುತ್ತದೆ. ನೀವು ಕ್ರೈಸ್ತರಲ್ಲದಿದ್ದರೂ ಕೇಳಬಹುದು. ನನ್ನ ಮಗಳಿಗೆ ಸಿಕ್ಕ ಹಾಸ್ಟೆಲಿನ ವಿಳಾಸ ನನಗೆ ಬಂದದ್ದು ಒಬ್ಬ ಫಾದರ್ ಅವರಿಂದಲೇ.

ಕಾಗದಪತ್ರ: ಮಲಯಾಳದ ತೊಡಕು

ಟಿ.ಸಿ., ನಡತೆ ಪ್ರಮಾಣಪತ್ರ, ಅಂಕಪಟ್ಟಿ, ಮೈಗ್ರೇಷನ್ ಸರ್ಟಿಫಿಕೇಟ್, ಆಧಾರ್, ಭಾವಚಿತ್ರಗಳು. ಇವು ಎಲ್ಲರಿಗೂ ಗೊತ್ತಿರುವವು. ಕ್ರೈಸ್ತ ಅಲ್ಪಸಂಖ್ಯಾತ ಕೋಟಾದಲ್ಲಿ ಅರ್ಜಿ ಹಾಕುವ ನಮ್ಮ ಕೊಂಕಣಿ ಕುಟುಂಬಗಳು ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ಸಿದ್ಧವಿಟ್ಟುಕೊಳ್ಳಬೇಕು.

ತೊಡಕಿರುವುದು ಗ್ರಾಮ ಕಚೇರಿಯಿಂದ ಬರುವ ಆದಾಯ, ಜಾತಿ, ನೇಟಿವಿಟಿ (ಇಂಥ ಊರಿನವರೆಂಬ) ಪ್ರಮಾಣಪತ್ರಗಳಲ್ಲಿ. ನಾನು ಮಗಳ ಶುಲ್ಕ ರಿಯಾಯಿತಿಗೆಂದು ಒಯ್ದ ಆದಾಯ ಪ್ರಮಾಣಪತ್ರ ಪೂರ್ತಿ ಮಲಯಾಳದಲ್ಲಿತ್ತು. ಕಚೇರಿಯ ಗುಮಾಸ್ತರು ಅದನ್ನು ಒಮ್ಮೆ ತಿರುಗಿಸಿ ನೋಡಿದರು, ಮೊತ್ತದ ಅಂಕಿಯೊಂದರ ಮೇಲೆ ಬೆರಳಿಟ್ಟು ‘ಇದು ತಿಂಗಳಿಗೋ ವರ್ಷಕ್ಕೋ?’ ಎಂದು ಕೇಳಿದರು. ವರ್ಷಕ್ಕೆ ಎಂದೆ. ಒಪ್ಪಲಿಲ್ಲ. ಆರು ದಿನದೊಳಗೆ ಇಂಗ್ಲಿಷ್ ಪ್ರತಿ ತರಬೇಕೆಂದರು. ಊರಿಗೆ ಹೋಗಿ ಬರುವಷ್ಟರಲ್ಲಿ ರಜೆ, ಹಣ ಎರಡೂ ಕರಗಿದವು. ಆದ್ದರಿಂದ ಅಕ್ಷಯ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವಾಗಲೇ ‘ಹೊರರಾಜ್ಯದ ಉಪಯೋಗಕ್ಕೆ, ಇಂಗ್ಲಿಷಿನಲ್ಲಿ ಬೇಕು’ ಎಂದು ಸ್ಪಷ್ಟವಾಗಿ ಬರೆಸಿ. ಪ್ರತಿಯೊಂದರ ಮೂರು ನಕಲು ಇಟ್ಟುಕೊಳ್ಳಿ.

ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ, ವಾಪಸ್ ತೆಗೆದುಕೊಳ್ಳಿ. ಸಂಸ್ಥೆಗಳು ಮೂಲ ದಾಖಲೆಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ.

ಹಣ ಕಟ್ಟುವ ಮೊದಲು ಕಣ್ಣಾರೆ ನೋಡಿ

ಫೋಟೊ ನೋಡಿ ಹಾಸ್ಟೆಲ್ ಹಿಡಿಯಬೇಡಿ. ಒಂದು ರಾತ್ರಿಯ ರೈಲಿನಲ್ಲಿ ಹೋಗಿ, ಹಗಲಿಡೀ ನೋಡಿ ಬನ್ನಿ. ಕಾಸರಗೋಡಿನಿಂದ ಮಂಗಳೂರು, ಹಾಸನ ದಾರಿಯಾಗಿ ಬೆಂಗಳೂರಿಗೆ ಹೋಗುವ ಕಣ್ಣೂರು ಎಕ್ಸ್‌ಪ್ರೆಸ್ ಇದಕ್ಕೆ ಅನುಕೂಲ. ಮಗುವನ್ನು ಕರೆದುಕೊಂಡೇ ಹೋಗಿ, ಇರಬೇಕಾದದ್ದು ಅದು.

ಸ್ವಾಗತ ಕೊಠಡಿ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ನೀವು ನೋಡಬೇಕಾದದ್ದು ಸ್ನಾನದ ಮನೆ. ನಲ್ಲಿ ತಿರುಗಿಸಿ ನೋಡಿ. ಎಷ್ಟು ಮಕ್ಕಳಿಗೆ ಒಂದು ಶೌಚಾಲಯ, ಬೇಸಿಗೆಯಲ್ಲಿ ನೀರು ಟ್ಯಾಂಕರಿನದೋ ಕೊಳವೆ ಬಾವಿಯದೋ, ಬಟ್ಟೆ ಒಗೆಯುವ ಜಾಗ ಎಲ್ಲಿ, ಒಣಗಿಸುವುದೆಲ್ಲಿ ಎಂದು ಕೇಳಿ. ಕೊಠಡಿಯಲ್ಲಿ ಬೀಗ ಹಾಕುವ ಕಪಾಟು ಇದೆಯೇ, ಓದುವ ಮೇಜಿನ ಹತ್ತಿರ ಪ್ಲಗ್ ಇದೆಯೇ, ಮೇಲಿನ ಮಹಡಿಯಿಂದ ಇಳಿಯಲು ಎರಡನೆಯ ಮೆಟ್ಟಿಲು ಇದೆಯೇ, ಅದರ ಬಾಗಿಲಿಗೆ ಬೀಗ ಜಡಿದಿದ್ದಾರೆಯೇ ಎಂದು ನೋಡಿ.

ಆಮೇಲೆ ವಾರ್ಡನ್ ಹತ್ತಿರ ಕುಳಿತು ಇಷ್ಟನ್ನು ಕೇಳಿ: ಸಂಜೆ ಎಷ್ಟು ಗಂಟೆಯೊಳಗೆ ಬರಬೇಕು, ಹಾಜರಿ ಯಾವಾಗ, ಮನೆಗೆ ಹೋಗಲು ಗೇಟ್ ಪಾಸ್ ಯಾರು ಕೊಡುತ್ತಾರೆ, ಮೊಬೈಲಿಗೆ ಸಮಯದ ಮಿತಿ ಇದೆಯೇ, ರಾತ್ರಿ ಅನಾರೋಗ್ಯವಾದರೆ ಯಾವ ಆಸ್ಪತ್ರೆ, ಕರೆದೊಯ್ಯುವವರು ಯಾರು. ನಮ್ಮ ರೈಲು ಬೆಳಗಿನ ಜಾವ ತಲುಪುತ್ತದೆ, ಅಷ್ಟು ಹೊತ್ತಿಗೆ ಗೇಟು ತೆರೆಯುತ್ತಾರೆಯೇ? ಇದು ಗಡಿನಾಡಿನವರಷ್ಟೇ ಕೇಳುವ ಪ್ರಶ್ನೆ, ಮರೆಯದೆ ಕೇಳಿ. ಕೊನೆಗೆ, ವಾರ್ಡನ್ ಇಲ್ಲದಿರುವಾಗ ಅಲ್ಲಿರುವ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಮಾತನಾಡಿಸಿ. ನಾನು ಮಾತನಾಡಿಸಿದ ಹುಡುಗಿ ಪುತ್ತೂರಿನವಳು. ‘ಊಟ ಸಾಧಾರಣ, ಸಿಸ್ಟರ್ ಒಳ್ಳೆಯವರು, ನೀರು ಏಪ್ರಿಲಿನಲ್ಲಿ ಕಷ್ಟ’ ಎಂದಳು. ಮೂರು ವರ್ಷವೂ ಅವಳ ಮಾತು ಅಕ್ಷರಶಃ ನಿಜವಾಯಿತು.

ಪ್ರಾರ್ಥನೆ ಮತ್ತು ಊಟ

‘ಅಲ್ಲಿ ನಮ್ಮ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸುತ್ತಾರೆಯೇ?’ ಹಿಂದೂ, ಮುಸ್ಲಿಂ ಮನೆಗಳಲ್ಲಿ ಮೆಲುದನಿಯಲ್ಲಿ ಕೇಳುವ ಈ ಪ್ರಶ್ನೆಗೆ ಸಂವಿಧಾನದಲ್ಲೇ ಉತ್ತರವಿದೆ. ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೇ ವಿಧಿ ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ ಎನ್ನುವುದು 28ನೇ ವಿಧಿಯ ಮೂರನೇ ಉಪವಿಧಿ. ಬೆಳಿಗ್ಗೆ ಸಭೆಯಲ್ಲಿ ಒಂದು ಪ್ರಾರ್ಥನೆ, ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಕ್ರಿಸ್ಮಸ್ ಹಾಡು ಇರುತ್ತವೆ. ಭಾನುವಾರದ ಪೂಜೆ ಕಥೊಲಿಕ ಮಕ್ಕಳಿಗೆ. ಮಾನವೀಯ ಮೌಲ್ಯಗಳ ತರಗತಿಯೊಂದು ವೇಳಾಪಟ್ಟಿಯಲ್ಲಿದ್ದರೆ ಅದು ಎಲ್ಲರಿಗೂ, ಅದರಲ್ಲಿ ಏನು ಹೇಳಿಕೊಡುತ್ತಾರೆಂದು ಸಂಕೋಚವಿಲ್ಲದೆ ವಿಚಾರಿಸಬಹುದು. ಕರಾವಳಿಯ ನಮಗೆ ಇದು ಹೊಸತೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದಲೇ 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂತು.

ಶುಕ್ರವಾರದ ನಮಾಜಿಗೆ ಹೊರಹೋಗಲು, ರಂಜಾನಿನಲ್ಲಿ ಬೆಳಗಿನ ಜಾವದ ಊಟಕ್ಕೆ, ಏಕಾದಶಿಯ ಉಪವಾಸಕ್ಕೆ ಏನು ವ್ಯವಸ್ಥೆ ಎಂದು ಸೇರುವ ಮೊದಲೇ ಕೇಳಿ. ಸಸ್ಯಾಹಾರಿ ಅಡುಗೆಗೆ ಬೇರೆ ಪಾತ್ರೆ ಬಳಸುತ್ತಾರೆಯೇ ಎಂದೂ ಕೇಳಿ. ಇನ್ನು ಕುಚ್ಚಲಕ್ಕಿ. ಬೆಂಗಳೂರಿನ ಮೆಸ್ಸಿನ ಬೆಳ್ತಿಗೆ ಅನ್ನ ನಮ್ಮ ಮಕ್ಕಳಿಗೆ ಮೊದಲ ತಿಂಗಳು ಹೊಟ್ಟೆಗೆ ಹಿಡಿಸುವುದಿಲ್ಲ. ಮಾವಿನ ಮಿಡಿಯ ಉಪ್ಪಿನಕಾಯಿಯ ಒಂದು ಭರಣಿ ಜೊತೆಗಿರಲಿ.

ಹಣದ ವಿಷಯ

ಹಾಸ್ಟೆಲ್ ಶುಲ್ಕ, ಮೆಸ್ ಶುಲ್ಕ, ಕಾಷನ್ ಡಿಪಾಸಿಟ್ (ಬಿಡುವಾಗ ವಾಪಸ್ ಬರುವ ಠೇವಣಿ), ಈ ಮೂರನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮೆಸ್ ಶುಲ್ಕದಲ್ಲಿ ರಜಾದಿನಗಳ ಕಡಿತ ಇದೆಯೇ? ನಡುವೆ ಬಿಟ್ಟರೆ ಎಷ್ಟು ವಾಪಸ್? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಬೇರೆ ಕಡೆ ಸೀಟು ಸಿಕ್ಕಿ ಬಿಟ್ಟುಹೋಗುವವರಿಗೆ ಯುಜಿಸಿಯ 2018ರ ಅಧಿಸೂಚನೆ ಆಧಾರ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹಿಂದೆ ಸರಿದರೆ ಪೂರ್ಣ ಶುಲ್ಕ ವಾಪಸ್, ಸಂಸ್ಕರಣಾ ವೆಚ್ಚವೆಂದು ಹೆಚ್ಚೆಂದರೆ ಶೇ. 5, ಅದೂ 5,000 ರೂಪಾಯಿ ಮೀರದಂತೆ ಹಿಡಿಯಬಹುದು. ಆಮೇಲೆ ಕೊನೆಯ ದಿನದೊಳಗೆ ಶೇ. 90, ಕೊನೆಯ ದಿನದ ನಂತರದ 15 ದಿನಗಳಲ್ಲಿ ಶೇ. 80, 30 ದಿನಗಳವರೆಗೆ ಶೇ. 50, ಅದರಾಚೆ ಏನೂ ಇಲ್ಲ. ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆಯೂ ಬರುತ್ತದೆ, ಆಯಾ ವರ್ಷದ್ದನ್ನು ನೋಡಿ.

ವಿದ್ಯಾರ್ಥಿವೇತನದಲ್ಲಿ ಗಡಿನಾಡಿನವರು ಒಂದು ಸೂತ್ರ ನೆನಪಿಡಬೇಕು. ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ, ಓದುವ ರಾಜ್ಯವಲ್ಲ. ಎಂದರೆ ಬೆಂಗಳೂರಿನಲ್ಲಿ ಓದಿದರೂ ನಮ್ಮ ಮಕ್ಕಳ ಅರ್ಜಿ ಕೇರಳಕ್ಕೇ. ಪ್ಲಸ್ ಟುವಿನಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರು ಕೇಂದ್ರದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು, ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ.

ಇನ್ನೊಂದು ದಾರಿ ನಮ್ಮವರು ಹಿಡಿಯದೇ ಬಿಡುವಂಥದ್ದು: ಸಂಸ್ಥೆಯೊಳಗಿನ ಶುಲ್ಕ ರಿಯಾಯಿತಿ. ಬಡ ಮಕ್ಕಳಿಗೆಂದು ನಿಧಿ ಇಟ್ಟಿರುವ ಕ್ರೈಸ್ತ ಸಂಸ್ಥೆಗಳು ಹಲವು. ಪ್ರಾಂಶುಪಾಲರಿಗೋ ಹಣಕಾಸಿನ ಹೊಣೆ ಹೊತ್ತ ಫಾದರ್ ಅವರಿಗೋ ಒಂದು ಪುಟದ ಅರ್ಜಿ ಬರೆಯಿರಿ. ‘ನಾವು ಬಡವರು’ ಎಂದು ಬರೆದು ಬಿಡಬೇಡಿ. ತೋಟ ಎಷ್ಟು ಸೆಂಟ್ಸ್, ಕೊಳೆರೋಗದಿಂದ ಈ ಸಲ ಅಡಿಕೆ ಎಷ್ಟು ಹೋಯಿತು, ಮನೆಯಲ್ಲಿ ಓದುವವರು ಎಷ್ಟು ಮಂದಿ, ಬ್ಯಾಂಕಿನ ಸಾಲ ಎಷ್ಟು ಎಂದು ಅಂಕಿಯಲ್ಲಿ ಬರೆಯಿರಿ. ‘ಇಷ್ಟನ್ನು ನಾವು ಕಟ್ಟಬಲ್ಲೆವು, ಇಷ್ಟಕ್ಕೆ ನೆರವು ಬೇಕು’ ಎಂಬ ಸಾಲು ಖಂಡಿತ ಇರಲಿ. ನನ್ನ ವಿದ್ಯಾರ್ಥಿಯೊಬ್ಬನ ಅರ್ಜಿಯನ್ನು ನಾನೇ ಕೂತು ತಿದ್ದಿಸಿದೆ. ಅವನಿಗೆ ಎರಡನೇ ಸೆಮಿಸ್ಟರಿನಿಂದ ಅರ್ಧ ಶುಲ್ಕ ಮಾಫಿಯಾಯಿತು.

ಹಾಸ್ಟೆಲ್ ಸಿಗದಿದ್ದರೆ

ಪಿ.ಜಿ. (ಬಾಡಿಗೆಗೆ ಊಟ, ವಸತಿ ಕೊಡುವ ಖಾಸಗಿ ಮನೆ) ಹಿಡಿಯಬೇಕಾಗುತ್ತದೆ. ಮುಂಗಡ ಎಷ್ಟು, ಬಿಡುವಾಗ ಎಷ್ಟು ಕಡಿತ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಕರಾರಿನಲ್ಲಿರಲಿ. ಜಿಎಸ್‌ಟಿ ಎಂದು ಹೆಚ್ಚುವರಿ ಕೇಳಿದರೆ, 2024ರ ಜುಲೈಯಿಂದ ತಿಂಗಳಿಗೆ ತಲಾ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನ ಉಳಿಯುವವರಿಗೆ ವಿನಾಯಿತಿ ಇದೆ ಎಂದು ಹೇಳಿ. ಮೊದಲು ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ, ಹಾಸ್ಟೆಲಿನ ಕಾಯುವ ಪಟ್ಟಿಯಿಂದ ಹೆಸರು ತೆಗೆಸಬೇಡಿ. ತರಗತಿ ಶುರುವಾದ ಎರಡು ಮೂರು ವಾರಗಳಲ್ಲಿ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಪ್ರತಿ ಸೋಮವಾರ ಮಗು ತಾನೇ ಹೋಗಿ ಕೇಳಲಿ.

ಮೊದಲ ತಿಂಗಳು: ಇಂಗ್ಲಿಷ್ ಎಂಬ ಗೋಡೆ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಹತ್ತನೆಯವರೆಗೆ ಕನ್ನಡದಲ್ಲಿ ನೂರಕ್ಕೆ ತೊಂಬತ್ತು ತೆಗೆದ ಮಗು ಅಲ್ಲಿ ಮೊದಲ ವಾರವೇ ಮೌನವಾಗುತ್ತದೆ. ಓಣಂ ರಜೆಗೆ ಬಂದ ಒಬ್ಬ ಹುಡುಗ ತನ್ನ ಟಿಪ್ಪಣಿ ಪುಸ್ತಕವನ್ನು ನನಗೆ ತೋರಿಸಿದ. ಮನಶ್ಶಾಸ್ತ್ರದ ತರಗತಿಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ: ಹೈಪಾತಿಸಿಸ್, ಕಾಗ್ನಿಶನ್, ಸ್ಟಿಮ್ಯುಲಸ್. ಪ್ರತಿಯೊಂದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕೊನೆಯ ನಾಲ್ಕು ಪುಟಗಳಲ್ಲಿ ಚಿಹ್ನೆಗಳೇ ಹೆಚ್ಚು, ಪದಗಳು ಕಡಿಮೆ. ಓದು ಬಿಟ್ಟು ಬರುತ್ತೇನೆಂದ.

‘ಈ ಪುಸ್ತಕವನ್ನು ನಿನ್ನ ಮೆಂಟರ್ ಹತ್ತಿರ ಹೀಗೆಯೇ ತೆಗೆದುಕೊಂಡು ಹೋಗು’ ಎಂದೆ. ಈ ಸಂಸ್ಥೆಗಳಲ್ಲಿ ಇಂತಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಮೆಂಟರ್ ಆಗಿರುವುದು ರೂಢಿ. ಅವರ ಹೆಸರನ್ನು ಮೊದಲ ವಾರವೇ ತಿಳಿದುಕೊಳ್ಳಬೇಕು. ಆ ಪುಸ್ತಕ ನೋಡಿದ ಅಧ್ಯಾಪಕಿ ಅವನಿಗೆ ಶಿವಮೊಗ್ಗದ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಟ್ಟರು. ವಾರಕ್ಕೆ ಎರಡು ಸಂಜೆ ಗ್ರಂಥಾಲಯದಲ್ಲಿ ಇಬ್ಬರೂ ಕನ್ನಡದಲ್ಲೇ ಪಾಠ ಬಿಡಿಸಿಕೊಂಡು, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿದರು. ಅವನು ಈಗ ಸ್ನಾತಕೋತ್ತರ ಪದವಿಯಲ್ಲಿದ್ದಾನೆ.

ಆದ್ದರಿಂದ ಬ್ರಿಡ್ಜ್ ಕೋರ್ಸ್ (ಹಿಂದಿನ ಓದಿನ ಕೊರತೆ ತುಂಬುವ ತರಗತಿ), ಪರಿಹಾರ ಬೋಧನೆ, ಇಂಗ್ಲಿಷ್ ಅಭ್ಯಾಸ ತರಗತಿ ಯಾವುದಿದ್ದರೂ ಮೊದಲ ದಿನವೇ ಹೆಸರು ಕೊಡಿಸಿ. ಅನುತ್ತೀರ್ಣರಾದ ಮೇಲೆ ಹೋಗುವ ಜಾಗ ಅದಲ್ಲ. ಭಾಷಾ ಪತ್ರಿಕೆಯಲ್ಲಿ ಕನ್ನಡ ಇದ್ದರೆ ಕನ್ನಡವನ್ನೇ ಆರಿಸಿಕೊಳ್ಳಲಿ. ‘ಕೇರಳದವರು’ ಎಂದು ಕಚೇರಿಯವರು ತಾವಾಗಿಯೇ ಬೇರೆ ಭಾಷೆಯ ತರಗತಿಗೆ ಹಾಕಿದರೆ ಅದೇ ದಿನ ಬದಲಾಯಿಸಿಕೊಳ್ಳಬೇಕು. ಕನ್ನಡ ಸಂಘವಿದ್ದರೆ ಸೇರಲಿ. ದಿನದಲ್ಲಿ ಒಂದು ಗಂಟೆಯಾದರೂ ತಡವರಿಸದೆ ಮಾತನಾಡುವ ಜಾಗ ಮಗುವಿಗೆ ಬೇಕು.

ಅಂಗವೈಕಲ್ಯವಿರುವ ಮಕ್ಕಳ ಪೋಷಕರು ಪ್ರಮಾಣಪತ್ರವನ್ನು ಪ್ರವೇಶದ ಸಮಯದಲ್ಲೇ ಕೊಟ್ಟು, ಕೆಳಮಹಡಿಯ ಕೊಠಡಿ, ಪರೀಕ್ಷೆಗೆ ಲಿಪಿಕಾರರು, ಹೆಚ್ಚುವರಿ ಸಮಯ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅವರ ಬೆನ್ನಿಗಿದೆ.

ಮನಸ್ಸು ಕುಗ್ಗಿದಾಗ, ಅನ್ಯಾಯವಾದಾಗ

ಕ್ಯಾಂಪಸ್ಸಿನ ಸಮಾಲೋಚನಾ ಕೇಂದ್ರ ಎಲ್ಲಿದೆಯೆಂದು ಮೊದಲ ವಾರವೇ ನಡೆದುಹೋಗಿ ನೋಡಿಬರಲಿ. ಅಲ್ಲಿ ಹೇಳಿದ್ದು ಅಂಕಪಟ್ಟಿಗೆ ಬರುವುದಿಲ್ಲ, ಗುಟ್ಟಾಗಿಯೇ ಉಳಿಯುತ್ತದೆ. ನಮ್ಮೂರಲ್ಲಿ ಇನ್ನೂ ‘ತಲೆ ಸರಿಯಿಲ್ಲದವರು ಹೋಗುವುದು’ ಎಂದು ಹೇಳುವವರಿದ್ದಾರೆ. ದಯವಿಟ್ಟು ಮಕ್ಕಳೆದುರು ಆ ಮಾತನ್ನು ಆಡಬೇಡಿ. ರಾತ್ರಿ ಹೊತ್ತು ಯಾರೂ ಇಲ್ಲವೆನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ ಕರೆ, ಕನ್ನಡದಲ್ಲೇ ಮಾತನಾಡಬಹುದು.

ರ‍್ಯಾಗಿಂಗ್ ತಡೆಗೆ 2009ರ ಯುಜಿಸಿ ನಿಯಮಾವಳಿ ಇದೆ. ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಮುಚ್ಚಳಿಕೆ ಕೊಡಬೇಕು, ಹೊಸಬರನ್ನು ಸಾಧ್ಯವಾದಷ್ಟು ಪ್ರತ್ಯೇಕ ವಿಭಾಗದಲ್ಲಿ ಇರಿಸಬೇಕು. ಸಹಾಯವಾಣಿ 1800-180-5522. ಈ ಸಂಖ್ಯೆಯನ್ನು ಮಗುವಿನ ಮೊಬೈಲಿನಲ್ಲಿ ನೀವೇ ಉಳಿಸಿಕೊಡಿ. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಉಳಿದ ದೂರುಗಳಿಗೆ, ಉದಾಹರಣೆಗೆ ವಾಪಸ್ ಬಾರದ ಶುಲ್ಕ, ಪ್ರವೇಶದ ಗೊಂದಲ ಇಂಥವಕ್ಕೆ, ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ (ಮೇಲ್ಮನವಿ ಕೇಳುವ ಅಧಿಕಾರಿ) ಅವರಲ್ಲಿಗೆ ಹೋಗಬಹುದು. ಇಷ್ಟಾದರೂ ಮೊದಲು ವಾರ್ಡನ್ ಹತ್ತಿರ ಮಾತನಾಡಿ. ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯುವುದನ್ನು ಕಂಡಿದ್ದೇನೆ. ಅಲ್ಲಿ ಮುಗಿಯದಿದ್ದರೆ ಬರಹದಲ್ಲಿ ಕೊಡಿ, ತಾರೀಕು ಹಾಕಿ, ಸ್ವೀಕೃತಿ ಪಡೆಯಿರಿ.

ಕೊಠಡಿ ಬಿಡುವಾಗ

ಸೇರುವ ದಿನ ಕೊಠಡಿಯ ಗೋಡೆ, ಮಂಚ, ಕಪಾಟು, ಕಿಟಕಿಯ ಗಾಜುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮನೆಗೆ ಕಳಿಸಲಿ. ಮೂರು ವರ್ಷದ ನಂತರ ಒಡೆದ ಗಾಜಿನ ಲೆಕ್ಕ ಬಂದಾಗ ಅದೇ ಸಾಕ್ಷಿ. ಬಿಡುವಾಗ ಗ್ರಂಥಾಲಯ, ಮೆಸ್, ಪ್ರಯೋಗಾಲಯ, ಹಾಸ್ಟೆಲ್ ಎಲ್ಲ ಕಡೆಯಿಂದ ಬಾಕಿ ಇಲ್ಲವೆಂಬ ಸಹಿ ಮಾಡಿಸಿ, ಕಾಷನ್ ಡಿಪಾಸಿಟ್ ರಸೀದಿಯ ಪ್ರತಿಯೊಂದಿಗೆ ಬ್ಯಾಂಕ್ ಖಾತೆಯ ವಿವರ ಕೊಡಬೇಕು. ಮೂಲ ರಸೀದಿ ನಿಮ್ಮ ಕೈಯಲ್ಲೇ ಇರಲಿ, ಹಣ ಖಾತೆಗೆ ಜಮೆಯಾಗುವವರೆಗೆ.